ಫ್ಲ್ಯಾಟಿಗೆ ಎಂಥ ನಾಯಿ ಸರಿ? ಹೃದ್ರೋಗ ವೈದ್ಯನೊಬ್ಬನ ಮಾತು



ಕಳೆದ ವಾರ ಉಪ್ಪು, ಉಪ್ಪಿನಕಾಯಿ, ಹಪ್ಪಳದ ಬಗ್ಗೆ ಬರೆದಿದ್ದೆ. ಬಂದ ಪ್ರಶ್ನೆಗಳಿಗೆ ಮುಂದೊಂದು ದಿನ ಉತ್ತರಿಸುತ್ತೇನೆ. ಈ ವಾರದ ವಿಷಯ ಸ್ವಲ್ಪ ಬೇರೆ. ಹೃದಯದ ಡಾಕ್ಟರಿಗೂ ನಾಯಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಡಿಸ್ಚಾರ್ಜ್ ಆಗುವ ದಿನ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ: ತುಪ್ಪ ತಿನ್ನಬಹುದೇ, ಮೆಟ್ಟಿಲು ಹತ್ತಬಹುದೇ, ಊರಿಗೆ ಹೋಗಬಹುದೇ. ಈಚೆಗೆ ಇನ್ನೊಂದು ಸೇರಿಕೊಂಡಿದೆ. "ಡಾಕ್ಟ್ರೇ, ಅಪ್ಪನಿಗೆ ಒಂದು ನಾಯಿ ತಂದುಕೊಡೋಣ ಅಂತಿದ್ದೇವೆ. ವಾಕಿಂಗೂ ಆಗುತ್ತೆ, ಜೊತೆಯೂ ಆಗುತ್ತೆ. ಫ್ಲ್ಯಾಟಿಗೆ ಯಾವ ನಾಯಿ ಒಳ್ಳೇದು?"

ಮೊದಮೊದಲು ನಗುತ್ತ "ಯಾವುದಾದರೂ ತನ್ನಿ, ಪ್ರೀತಿಯಿಂದ ಸಾಕಿ" ಎಂದುಬಿಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಅದಕ್ಕೆ ಕಾರಣ ಮುಂಬೈ ಉಪನಗರದಲ್ಲಿದ್ದ ಒಬ್ಬ ಅಮ್ಮ.

ಉಡುಪಿ ಕಡೆಯವರು. ಎಪ್ಪತ್ತು ದಾಟಿದೆ. ಯಜಮಾನರು ತೀರಿಕೊಂಡ ಮೇಲೆ ಒನ್ ಬಿಎಚ್‌ಕೆ ಫ್ಲ್ಯಾಟಿನಲ್ಲಿ ಒಬ್ಬರೇ. ಮಕ್ಕಳು ವಿದೇಶದಲ್ಲಿ. ಅಮ್ಮನಿಗೆ ಜೊತೆಯಾಗಲಿ ಎಂದು ರಜೆಗೆ ಬಂದಿದ್ದ ಮಗ ಒಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟು ಹೋದ. ಆಗ ಅದು ಮಡಿಲಲ್ಲಿ ಮಲಗುವಷ್ಟಿತ್ತು. ಎರಡು ವರ್ಷದಲ್ಲಿ ಮೂವತ್ತು ಕಿಲೋ ಆಯಿತು. ಒಂದು ರಾತ್ರಿ ಹನ್ನೊಂದಕ್ಕೆ ಆ ಅಮ್ಮನಿಗೆ ಎದೆನೋವು ಬಂತು, ಬೆವರು ಬಂತು. ಅವರು ಆಸ್ಪತ್ರೆಗೆ ಬಂದದ್ದು ಮರುದಿನ ಬೆಳಿಗ್ಗೆ ಏಳೂವರೆಗೆ, ಕೆಲಸದವಳು ಬಂದ ಮೇಲೆ. ಯಾಕಮ್ಮ ಇಷ್ಟು ಹೊತ್ತು ಎಂದು ಕೇಳಿದೆ. "ಇವನನ್ನು ಯಾರ ಹತ್ತಿರ ಬಿಟ್ಟು ಬರಲಿ ಡಾಕ್ಟ್ರೇ? ಯಾರಾದರೂ ಒಳಗೆ ಬಂದರೆ ಮೈಮೇಲೆ ಹಾರುತ್ತಾನೆ. ಹೊರಗೆ ಬಿಟ್ಟರೆ ಓಡಿಹೋಗುತ್ತಾನೆ" ಎಂದರು.

ಎಂಟೂವರೆ ಗಂಟೆ. ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು ಎಷ್ಟು ಬೇಗ ತೆರೆಯುತ್ತೇವೋ ಅಷ್ಟು ಸ್ನಾಯು ಉಳಿಯುತ್ತದೆ. ತಡವಾದ ಒಂದೊಂದು ಗಂಟೆಗೂ ಒಂದಷ್ಟು ಸ್ನಾಯು ಸಾಯುತ್ತದೆ, ಮತ್ತೆ ಹುಟ್ಟುವುದಿಲ್ಲ. ಆ ಅಮ್ಮ ಬದುಕಿದರು. ಆದರೆ ನೀವೆಲ್ಲ "ಪಂಪಿಂಗ್" ಎನ್ನುತ್ತೀರಲ್ಲ, ಅದು 35ಕ್ಕೆ ಇಳಿದಿತ್ತು. ಈಗ ನಾಲ್ಕು ಹೆಜ್ಜೆ ಬೇಗ ನಡೆದರೆ ಏದುಸಿರು. ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಅದನ್ನು ಹೇಳುವಾಗ ಅವರಿಗೆ ಬಂದಷ್ಟು ಕಣ್ಣೀರು ಹೃದಯಾಘಾತದ ದಿನವೂ ಬಂದಿರಲಿಲ್ಲ.

ತಪ್ಪು ನಾಯಿಯದ್ದಲ್ಲ, ಅಮ್ಮನದ್ದೂ ಅಲ್ಲ. ಲೆಕ್ಕ ಹಾಕದೆ ಆರಿಸಿದ್ದು ತಪ್ಪು. ಮಗ ನೋಡಿದ್ದು ಅಮ್ಮನ ಒಳ್ಳೆಯ ದಿನವನ್ನು. ನಾಯಿ ಆರಿಸುವಾಗ ನೋಡಬೇಕಾದದ್ದು ನಿಮ್ಮ ಅತ್ಯಂತ ಕೆಟ್ಟ ದಿನವನ್ನು. ಜ್ವರ ಬಂದ ದಿನ, ಮಂಡಿ ಹಿಡಿದುಕೊಂಡ ದಿನ, ಲಿಫ್ಟ್ ಕೆಟ್ಟ ದಿನ, ಆಸ್ಪತ್ರೆಗೆ ಓಡಬೇಕಾದ ರಾತ್ರಿ. ಆ ದಿನ ಈ ನಾಯಿಯನ್ನು ಯಾರು ಹಿಡಿಯುತ್ತಾರೆ? ತಳಿ, ಬಣ್ಣ, ಎತ್ತರ ಎಲ್ಲ ಆಮೇಲಿನ ಮಾತು.

ನಾಯಿ ಸಾಕಿದರೆ ಹೃದಯಕ್ಕೆ ಒಳ್ಳೆಯದು ಎಂಬ ಫಾರ್ವರ್ಡ್ ನಿಮಗೆಲ್ಲ ಬಂದೇ ಇರುತ್ತದೆ. ಅದರಲ್ಲಿ ಎಷ್ಟು ನಿಜ ಎಂದೂ ಹೇಳಿಬಿಡುತ್ತೇನೆ. 1980ರಲ್ಲಿ ಅಮೆರಿಕದಲ್ಲಿ 92 ಹೃದ್ರೋಗಿಗಳನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು ಬಂತು. ಸಾಕುಪ್ರಾಣಿ ಇದ್ದ 53 ಜನರಲ್ಲಿ ತೀರಿಕೊಂಡವರು 3, ಇಲ್ಲದ 39 ಜನರಲ್ಲಿ 11. ಎಲ್ಲರೂ ಬೆರಗಾದರು. 2017ರಲ್ಲಿ ಸ್ವೀಡನ್ನಿನಲ್ಲಿ 40ರಿಂದ 80 ವರ್ಷದ ಸುಮಾರು 34 ಲಕ್ಷ ಜನರ ಹನ್ನೆರಡು ವರ್ಷದ ದಾಖಲೆಗಳನ್ನು ನೋಡಿದರು. ಒಂಟಿಯಾಗಿ ಬದುಕುವವರಲ್ಲಿ ನಾಯಿ ಸಾಕಿದವರಿಗೆ ಸಾವಿನ ಅಪಾಯ 33 ಶೇಕಡಾ ಕಡಿಮೆ ಕಂಡಿತು. ಕೇಳಲು ಚೆನ್ನಾಗಿದೆ. ಆದರೆ ನಾಯಿ ಬಂದದ್ದರಿಂದ ಆರೋಗ್ಯ ಬಂತೋ, ಆರೋಗ್ಯ ಇದ್ದವರೇ ನಾಯಿ ತಂದರೋ? ಇಂಥ ಅಧ್ಯಯನ ಅದನ್ನು ಬಿಡಿಸಿ ಹೇಳಲಾರದು. ಕಾಲು ಗಟ್ಟಿ ಇದ್ದವರೇ ತಾನೇ ನಾಯಿ ತರುವುದು! ಅದಕ್ಕೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಬಹಳ ಅಳೆದು ಸುರಿದು ಹೇಳಿತು: ನಾಯಿ ಸಾಕುವುದರಿಂದ ಹೃದಯಕ್ಕೆ ಒಂದಿಷ್ಟು ಅನುಕೂಲ ಇರಬಹುದು, ಆದರೆ ಹೃದ್ರೋಗ ಕಡಿಮೆಯಾಗಲಿ ಎಂಬ ಒಂದೇ ಉದ್ದೇಶಕ್ಕೆ ನಾಯಿ ತರಬೇಡಿ. ನನ್ನ ಅಭಿಪ್ರಾಯವೂ ಅದೇ. ನಾಯಿ ಮಾತ್ರೆಯಲ್ಲ, ಚೀಟಿಯಲ್ಲಿ ಬರೆದುಕೊಡಲು.

ಇನ್ನೊಂದು ಮಾತು. ನಾಯಿ ವಾಕಿಂಗ್ ಅಂದರೆ ನಾನು ನಿಮಗೆ ಹೇಳುವ ವಾಕಿಂಗ್ ಅಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎನ್ನುತ್ತೇವೆ; ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ವೇಗ. ನಾಯಿ ಒಂದೊಂದು ಕಂಬಕ್ಕೂ ನಿಲ್ಲುತ್ತದೆ, ಮೂಸುತ್ತದೆ, ಹಿಂದೆ ಬರುತ್ತದೆ. ಅದರ ಸಂತೋಷವೇ ಅದರಲ್ಲಿದೆ, ಎಳೆಯಬೇಡಿ. ಅದರ ವಾಕ್ ಅದಕ್ಕೆ, ನಿಮ್ಮ ವಾಕ್ ನಿಮಗೆ. ಎರಡೂ ಬೇರೆ ಬೇರೆ. ಹಾಗಿದ್ದರೂ ಸೋಫಾ ಬಿಟ್ಟು ದಿನಕ್ಕೆ ನಾಲ್ಕು ಸಲ ಎದ್ದು ಕೆಳಗಿಳಿಯುವುದೇ ಎಷ್ಟೋ ಜನರಿಗೆ ದೊಡ್ಡ ಲಾಭ. ಅದನ್ನು ಅಲ್ಲಗಳೆಯುವುದಿಲ್ಲ.

ಈಗ ಕಾಕಾ ಕಥೆಗೆ ಬರುತ್ತೇನೆ. ಜಮಖಂಡಿ ಕಡೆಯವರು, ಅರವತ್ತಾರು ವರ್ಷ, ಬ್ಯಾಂಕಿನಿಂದ ನಿವೃತ್ತರು. ಹೆಂಡತಿ ಇಲ್ಲ. ಠಾಣೆಯಲ್ಲಿ ಮಗನ ಮನೆ, ಹನ್ನೊಂದನೇ ಮಹಡಿ, ಟೂ ಬಿಎಚ್‌ಕೆ. ಮಗ-ಸೊಸೆ ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುವುದು. ಮೊಮ್ಮಗ ಒಂಬತ್ತನೇ ಕ್ಲಾಸು. ಕಾಕಾಗೆ ಎರಡು ಸ್ಟೆಂಟ್ ಹಾಕಿದ್ದೆ. ತಿಂಗಳ ತಪಾಸಣೆಗೆ ಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಉದ್ದ ಮೂತಿ, ಒಳಗೆ ಹೋದ ಹೊಟ್ಟೆ, ಕಡ್ಡಿಯಂಥ ಕಾಲು.

"ಡಾಕ್ಟ್ರ, ನಮ್ಮ ಕಡೆ ನಾಯಿ ಅಂದ್ರ ಇದು. ಮುಧೋಳ ನಾಯಿ. ಉಳದಿದ್ದೆಲ್ಲಾ ಆಟಿಕಿ ಸಾಮಾನು. ಊರಾಗ ಹೇಳಿಟ್ಟೇನಿ, ಮರಿ ಕಳಸ್ತಾರ."

ನಾನೂ ಧಾರವಾಡದವನು. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ. ಊರು ಬಿಟ್ಟು ಬಂದವರಿಗೆ ಊರಿನ ಜೋಳದ ರೊಟ್ಟಿ, ಊರಿನ ಬೆಣ್ಣೆ, ಊರಿನ ನಾಯಿ ಎಲ್ಲವೂ ಒಂದು ತೂಕ ಹೆಚ್ಚು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಕಾಪಾಡಿಕೊಂಡು ಬಂದ ತಳಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಒಂದು. ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿದೆ. ನಮ್ಮ ಬಿಸಿಲಿಗೆ ಹೊಂದಿಕೊಂಡ ಮೈ, ಗಿಡ್ಡ ಕೂದಲು, ಮನೆಯೊಳಗೆ ಗದ್ದಲವಿಲ್ಲ. ಇಷ್ಟು ಕೇಳಿದರೆ ಫ್ಲ್ಯಾಟಿಗೆ ಇದೇ ಸರಿ ಎನಿಸುತ್ತದೆ.

ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲದ ಬೆನ್ನು ಹತ್ತಲು ಹುಟ್ಟಿದ್ದು. ಎರಡಡಿಗೂ ಹೆಚ್ಚು ಎತ್ತರ, ಇಪ್ಪತ್ತು ಕಿಲೋಗೂ ಮೀರಿದ ತೂಕ. ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಬೆಕ್ಕು ಓಡಿದರೆ ಸಾಕು, ಅದು ಯೋಚಿಸುವುದಿಲ್ಲ, ಹಾರುತ್ತದೆ. ಕೈಗೆ ಸುತ್ತಿಕೊಂಡ ಬೆಲ್ಟಿನ ಜೊತೆ ಕಾಕಾ ಕೂಡ ಹಾರುತ್ತಾರೆ. ರಕ್ತ ತೆಳುವಾಗಿಸುವ ಎರಡು ಮಾತ್ರೆ ನುಂಗುತ್ತಿರುವ ಅರವತ್ತಾರರ ಮನುಷ್ಯ ಸಿಮೆಂಟಿನ ಮೇಲೆ ತಲೆ ಹೊಡೆದುಕೊಂಡು ಬಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಸಿಟಿ ಸ್ಕ್ಯಾನಿನಲ್ಲಿ ನೋಡಿದ್ದೇನೆ, ನೀವು ನೋಡುವುದು ಬೇಡ. ಅಮೆರಿಕದಲ್ಲಿ 65 ದಾಟಿದವರು ನಾಯಿ ವಾಕಿಂಗಿನಲ್ಲಿ ಮೂಳೆ ಮುರಿದುಕೊಂಡು ಬರುವುದು 2004ರಿಂದ 2017ರ ನಡುವೆ ಎರಡು ಪಟ್ಟಿಗೂ ಹೆಚ್ಚಾಯಿತೆಂದು ಒಂದು ಅಧ್ಯಯನ ಹೇಳಿತು. ಅತಿ ಹೆಚ್ಚು ಮುರಿದದ್ದು ಸೊಂಟದ ಮೂಳೆ. ಸೊಂಟ ಮುರಿದರೆ ಹಾಸಿಗೆ, ಹಾಸಿಗೆ ಹಿಡಿದರೆ ಹೃದಯಕ್ಕೆ ಇನ್ನೊಂದು ಭಾರ.

"ಹಂಗಂದ್ರ ನಾಯಿ ಬ್ಯಾಡ ಅಂತೀರೇನು?" ಕಾಕಾ ಮುಖ ಸಣ್ಣದಾಯಿತು.

"ನಾಯಿ ಬ್ಯಾಡ ಅನ್ನಾಂಗಿಲ್ಲ ಕಾಕಾ. ಈ ನಾಯಿ, ಈಗ, ನಿಮಗ ಬ್ಯಾಡ ಅಂತೀನಿ."

ಮೂವತ್ತರ ಹುಡುಗ, ದಿನಾ ಐದು ಕಿಲೋಮೀಟರ್ ಓಡುವವನು, ಹತ್ತಿರದಲ್ಲಿ ಬೇಲಿ ಇರುವ ಮೈದಾನ ಇದ್ದವನು ಮುಧೋಳ ಸಾಕಲಿ, ಸಂತೋಷ. ಆದರೆ ಅದರ ಓಟಕ್ಕೆ ಜಾಗ ಕೊಡದೆ ಹಾಲಿನಲ್ಲಿ ಕಟ್ಟಿಹಾಕುವುದು ಊರಿನ ಅಭಿಮಾನ ಅಲ್ಲ.

ಉಳಿದ ತಳಿಗಳ ಬಗ್ಗೆಯೂ ಹೇಳುತ್ತೇನೆ. ನಾನು ಪಶುವೈದ್ಯನಲ್ಲ. ಆದರೆ ಒಮ್ಮೆ ಕೈ ಸುಟ್ಟುಕೊಂಡವನು. 2003ರಲ್ಲಿ ಬಂದ ಹಚ್ ಮೊಬೈಲ್ ಜಾಹೀರಾತು ನೆನಪಿದೆಯೇ? ಹುಡುಗನ ಹಿಂದೆ ಹಿಂದೆ ಹೋಗುವ ಪಗ್. ಆ ನಾಯಿಯನ್ನು ನೋಡಿ ಮರುಳಾದವರಲ್ಲಿ ನಾನೂ ಒಬ್ಬ. ಎಷ್ಟೋ ವರ್ಷದ ಮೇಲೆ ಮಗಳ ಹಟಕ್ಕೆ ಒಂದು ಪಗ್ ತಂದೆವು. ಚಿಕ್ಕದು, ಕೂದಲು ಕಡಿಮೆ, ಬೊಗಳುವುದೂ ಕಡಿಮೆ. ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು ಎಂದುಕೊಂಡೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕರೆಂಟ್ ಹೋಗಿತ್ತು, ಮಗಳು ಅದರ ಜೊತೆ ಹಾಲಿನಲ್ಲಿ ಚೆಂಡಾಟ ಆಡಿದಳು. ಇಪ್ಪತ್ತು ನಿಮಿಷದಲ್ಲಿ ನಾಲಿಗೆ ನೀಲಿ, ಕಣ್ಣು ಮೇಲೆ. ಒದ್ದೆ ಟವೆಲ್, ಫ್ಯಾನು, ಕಾರು, ಪಶುವೈದ್ಯರು. ಉಳಿಯಿತು, ದೇವರ ದಯೆ. ಹೃದಯದ ತುರ್ತುಚಿಕಿತ್ಸೆ ದಿನಾ ಮಾಡುವ ನನ್ನ ಕೈ ಅವತ್ತು ನಡುಗಿತ್ತು.

ಆಮೇಲೆ ಓದಿ ತಿಳಿದದ್ದು ಇಷ್ಟು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತಾ, ಬಾಯಿ-ಮೂಗಿನ ತೇವ ಆರಿಸಿಕೊಂಡೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳ ಮುಖವನ್ನು ಮನುಷ್ಯರು ತಲೆಮಾರುಗಳಿಂದ ಚಪ್ಪಟೆ ಮಾಡುತ್ತಾ ಬಂದಿದ್ದಾರೆ. ಮುಖ ಚಿಕ್ಕದಾಯಿತು, ಒಳಗಿನ ಮಾಂಸ ಚಿಕ್ಕದಾಗಲಿಲ್ಲ. ಮೂಗಿನ ಹೊಳ್ಳೆ ಸೀಳಿನಂತಾಗಿದೆ, ಅಂಗುಳ ಗಂಟಲಿಗೆ ಜೋತುಬಿದ್ದಿದೆ. ನಾವು "ಎಷ್ಟು ಮುದ್ದಾಗಿ ಗೊರಕೆ ಹೊಡೆಯುತ್ತೆ" ಎಂದು ವೀಡಿಯೋ ಮಾಡುವುದು ಅದರ ಉಸಿರಾಟದ ಕಷ್ಟವನ್ನು. ಮುಂಬೈ, ಚೆನ್ನೈಗಳ ಸೆಕೆಯಲ್ಲಿ ಗಾಳಿಯೇ ಒದ್ದೆ. ತೇಕಿದರೂ ತೇವ ಆರುವುದಿಲ್ಲ. ಆದ್ದರಿಂದ ನನ್ನ ಸ್ಪಷ್ಟ ಮಾತು: ಇಡೀ ದಿನ ಎಸಿ ಹಾಕುವ ಶಕ್ತಿ ಇಲ್ಲದಿದ್ದರೆ ಚಪ್ಪಟೆ ಮೂತಿಯ ನಾಯಿ ಬೇಡ.

ಹಸ್ಕಿ? ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿ. ಎರಡು ಪದರದ ಕೂದಲು ಹೊತ್ತುಕೊಂಡು ಅದು ಹೈದರಾಬಾದಿನ ಮೇ ತಿಂಗಳನ್ನು ಹೇಗೆ ಕಳೆಯಬೇಕು? ನೀಲಿ ಕಣ್ಣು ನೋಡಿ ತರುವವರಿಗೆ ನಾನು ಇಷ್ಟೇ ಹೇಳುವುದು: ಸ್ವೆಟರ್ ಹಾಕಿಕೊಂಡು ಒಂದು ದಿನ ಟೆರೇಸಿನಲ್ಲಿ ಕೂತು ನೋಡಿ.

ಬೀಗಲ್ ನೋಡಲು ಚಿಕ್ಕದು, ಆದರೆ ಅದು ಮೂಗಿನ ನಾಯಿ. ಒಬ್ಬೊಂಟಿ ಬಿಟ್ಟರೆ ಊಳಿಡುತ್ತದೆ, ಮೂರು ಮಹಡಿಗೆ ಕೇಳುತ್ತದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದರಿಂದ ಬರುವುದು ಸೊಸೈಟಿಯ ನೋಟಿಸು. ಲ್ಯಾಬ್ರಡಾರ್ ಬಂಗಾರದಂಥ ಸ್ವಭಾವ; ಆದರೆ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹೊಟ್ಟೆ ತುಂಬಿತು ಎಂದು ತಿಳಿಸುವ ಜೀನಿನಲ್ಲೇ ಒಂದು ತುಂಡು ಇಲ್ಲ ಎಂದು ಕೇಂಬ್ರಿಡ್ಜಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಎಷ್ಟು ಕೊಟ್ಟರೂ ಇನ್ನೂ ಬೇಕು. ಮಧ್ಯಾಹ್ನ ಅಜ್ಜ ಬಿಸ್ಕತ್ತು ಕೊಡುವ ಮನೆಯಲ್ಲಿ ಅಜ್ಜನ ಶುಗರೂ ನಾಯಿಯ ತೂಕವೂ ಒಟ್ಟಿಗೇ ಏರುತ್ತವೆ. ನಾವೆಲ್ಲ "ಪಾಮೇರಿಯನ್" ಎಂದು ಕರೆದು ಬೆಳೆದ ಬಿಳಿ ನಾಯಿ, ಬಹುತೇಕ ಇಂಡಿಯನ್ ಸ್ಪಿಟ್ಜ್, ನಮ್ಮ ಹವೆಗೆ ಹೊಂದಿಕೊಂಡದ್ದು, ಸಣ್ಣ ಮನೆಗೆ ಸಾಕು, ಕಡಿಮೆ ಖರ್ಚು. ಒಂದೇ ತಕರಾರು, ಕಾಲಿಂಗ್ ಬೆಲ್ಲಿಗೆ ಮೊದಲೇ ಬೊಗಳುತ್ತದೆ. ಶಿಹ್ ತ್ಸು ಐದಾರು ಕಿಲೋ, ಎತ್ತಿಕೊಳ್ಳಬಹುದು, ಗಲಾಟೆ ಇಲ್ಲ. ಆದರೆ ಅದರದ್ದೂ ಗಿಡ್ಡ ಮೂತಿಯೇ, ಕೂದಲಿಗೆ ದಿನಾ ಬಾಚಣಿಗೆ ಬೇಕು. ಅಲರ್ಜಿ, ಅಸ್ತಮಾ ಇದ್ದವರು "ಕೂದಲು ಉದುರದ ನಾಯಿ, ಅಲರ್ಜಿ ಆಗಲ್ಲ" ಎಂಬ ಮಾರಾಟದ ಮಾತು ನಂಬಬೇಡಿ. ಅಲರ್ಜಿ ತರುವುದು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟು, ಅವು ಇಲ್ಲದ ನಾಯಿ ಇಲ್ಲ. ತರುವ ಮೊದಲು ಅಂಥ ನಾಯಿ ಇರುವ ಮನೆಯಲ್ಲಿ ನಾಲ್ಕು ಸಲ ಹೋಗಿ ಕೂತು ನೋಡಿ.

ನನ್ನ ವೃತ್ತಿಯ ಕುತೂಹಲಕ್ಕೆ ಇನ್ನೊಂದು. ನಾಯಿಗಳಿಗೂ ಹೃದ್ರೋಗ ಬರುತ್ತದೆ. ಕೆವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್ ಎಂಬ ಮುದ್ದು ನಾಯಿ ಫ್ಲ್ಯಾಟಿಗೆ ಎಲ್ಲ ರೀತಿಯಲ್ಲೂ ಸರಿ, ಆದರೆ ಮೈಟ್ರಲ್ ಕವಾಟ ಸೋರುವ ಕಾಯಿಲೆ ಆ ತಳಿಯಲ್ಲಿ ಬಹಳ. ಡಾಬರ್‌ಮನ್‌ಗೆ ಹೃದಯ ಊದಿ ಸೊರಗುವ ಕಾಯಿಲೆ. ಮನೆಯಲ್ಲಿ ಹೃದ್ರೋಗಿ ನಾಯಿ ಇದ್ದರೆ, ಅದು ನಿದ್ದೆಯಲ್ಲಿರುವಾಗ ಒಂದು ನಿಮಿಷದ ಉಸಿರು ಎಣಿಸಿ. ಪದೇ ಪದೇ 30 ದಾಟುತ್ತಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ನನ್ನ ರೋಗಿಗಳಿಗೆ ತೂಕ, ಪಾದದ ಊತ ನೋಡಿಕೊಳ್ಳಿ ಎನ್ನುವುದಿಲ್ಲವೇ, ಹಾಗೆಯೇ ಇದು.

ಇಷ್ಟೆಲ್ಲ ತಳಿ ಎಣಿಸಿದ ಮೇಲೆ, ನಾನು ಹೆಚ್ಚು ಜನರಿಗೆ ಹೇಳುವುದು ಯಾವ ತಳಿಯೂ ಅಲ್ಲದ ನಾಯಿಯನ್ನು. ನಮ್ಮ ಬೀದಿಯ ದೇಶಿ ನಾಯಿ, ಅದೂ ಮೂರು ನಾಲ್ಕು ವರ್ಷ ದಾಟಿದ್ದು. ಮರಿ ಬೇಡ. ಮರಿ ಅಂದರೆ ಸೂಜಿಯಂಥ ಹಲ್ಲು, ರಾತ್ರಿಯೆಲ್ಲ ಅಳು, ಎರಡು ಗಂಟೆಗೊಮ್ಮೆ ಉಚ್ಚೆ, ಕಾಲಿಗೆ ತೊಡರುವ ಆಟ. ರಕ್ತ ತೆಳು ಮಾತ್ರೆ ತಿನ್ನುವವರ ಕೈಮೇಲೆ ಮರಿಯ ಹಲ್ಲು ತಾಗಿದರೆ ನೀಲಿ ಗುರುತು ತಿಂಗಳಿಡೀ. ಅದಕ್ಕಿಂತ ಮುಖ್ಯ, ಮರಿಯನ್ನು ನೋಡಿ ಅದು ಮುಂದೆ ಎಂಥ ನಾಯಿ ಆಗುತ್ತದೆಂದು ಹೇಳಲಾಗದು. ಬೆಳೆದ ನಾಯಿ ಎದುರಿಗೇ ಇದೆ: ಎಷ್ಟು ಎತ್ತರ, ಎಷ್ಟು ಕೋಪ, ಪಟಾಕಿಗೆ ಹೆದರುತ್ತದೋ, ಮಕ್ಕಳನ್ನು ಕಂಡರೆ ಏನು ಮಾಡುತ್ತದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಎಲ್ಲ ಬೀದಿ ನಾಯಿಯೂ ಮನೆಗೆ ಒಗ್ಗುವುದಿಲ್ಲ. ತಿರುಗಾಡಿ ಅಭ್ಯಾಸವಾದದ್ದು ನಾಲ್ಕು ಗೋಡೆಯೊಳಗೆ ಒದ್ದಾಡಬಹುದು. ಅದಕ್ಕೇ ಒಂದೇ ದಿನದಲ್ಲಿ ನಿರ್ಧಾರ ಬೇಡ. ತಳಿ ನಾಯಿಯೇ ಬೇಕೆಂದರೆ ನೋಂದಾಯಿತ ಬ್ರೀಡರ್ ಬಳಿಯೇ ಹೋಗಿ, ತಾಯಿ ನಾಯಿಯನ್ನು ತೋರಿಸಿ ಎನ್ನಿ. ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ನಿಯಮದಂತೆ ತಪ್ಪು. ಆನ್‌ಲೈನ್ ಫೋಟೋ ನೋಡಿ ಮುಂಗಡ ಹಣ ಕಳಿಸಿದವರ ಕಥೆ ಬೇರೆಯೇ ಇದೆ.

ಎರಡನೆಯ ತಪ್ಪು ಕಲ್ಪನೆ, ಚಿಕ್ಕ ಮನೆಗೆ ಚಿಕ್ಕ ನಾಯಿ ಎಂಬುದು. ಜ್ಯಾಕ್ ರಸೆಲ್ ಮೊಣಕಾಲುದ್ದ, ಆದರೆ ಸ್ಪ್ರಿಂಗ್ ಇದ್ದ ಹಾಗೆ. ಗ್ರೇಟ್ ಡೇನ್ ಕರುವಿನಷ್ಟು, ಆದರೆ ದಿನವಿಡೀ ಮಲಗಿರುತ್ತದೆ. ಮನೆಯ ಚದರಡಿಗಿಂತ ನಾಯಿಯ ಸ್ವಭಾವ ಮುಖ್ಯ. ಹಾಗಂತ ಹಿರಿಯರಿರುವ ಮನೆಯಲ್ಲಿ ತೂಕ ಮರೆಯುವಂತಿಲ್ಲ. ನನ್ನ ಅಳತೆ ಸರಳ: ನಾಯಿಗೆ ಹುಷಾರು ತಪ್ಪಿದ ದಿನ, ಲಿಫ್ಟ್ ಕೆಟ್ಟ ದಿನ, ಮನೆಯಲ್ಲಿರುವ ಒಬ್ಬರು ಅದನ್ನು ಎತ್ತಿಕೊಂಡು ಇಳಿಯಬಲ್ಲರೇ?

ಹೃದಯದ ತೊಂದರೆ ಇರುವವರು ಇನ್ನೂ ಕೆಲವು ಮಾತು ಗಮನಿಸಬೇಕು. ಬೈಪಾಸ್ ಆದವರ ಎದೆಮೂಳೆಯನ್ನು ತಂತಿಯಿಂದ ಹೊಲಿದಿರುತ್ತೇವೆ. ಅದು ಗಟ್ಟಿಯಾಗಿ ಕೂಡಲು ಎರಡರಿಂದ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಎಳೆಯುವ ನಾಯಿಯ ಬೆಲ್ಟನ್ನು ಹಿಡಿಯಲೇಬಾರದು, ಎಷ್ಟೇ ಸಾಧು ನಾಯಿಯಾದರೂ. ಹೊಸದಾಗಿ ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಬದಿಯ ಕೈಯಲ್ಲಿ ಒಂದೂವರೆ ತಿಂಗಳಾದರೂ ಬೆಲ್ಟ್ ಹಿಡಿಯಬೇಡಿ, ತಂತಿ ಜರುಗಬಹುದು. ಬೆಲ್ಟನ್ನು ಯಾವಾಗಲೂ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಅಂಗೈಯಲ್ಲಿ ಹಿಡಿಯಿರಿ, ಬೇಕಾದಾಗ ಬಿಡಲು ಬರಬೇಕು. ಉದ್ದ ಬಿಚ್ಚಿಕೊಳ್ಳುವ ದಾರದ ಬೆಲ್ಟ್ ಬೇಡ. ಚಪ್ಪಲಿ ಬೇಡ, ಶೂ ಹಾಕಿ. ಕೃತಕ ಕವಾಟ ಇದ್ದವರು ಗಾಯವನ್ನು ನಾಯಿ ನೆಕ್ಕಲು ಬಿಡಬಾರದು. ಕಚ್ಚಿದ ಮೇಲೆ ಜ್ವರ ಬಂದರೆ ಕ್ರೋಸಿನ್ ನುಂಗಿ ಮಲಗದೆ ಆಸ್ಪತ್ರೆಗೆ ಬನ್ನಿ.

ಯಾರಿಗೇ ಆಗಲಿ, ನಾಯಿ ಕಚ್ಚಿದರೆ ಅಥವಾ ಹಲ್ಲು ತಾಗಿ ರಕ್ತ ಬಂದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಖಾರದ ಪುಡಿ, ಸುಣ್ಣ ಯಾವುದೂ ಬೇಡ. ಅದೇ ದಿನ ವೈದ್ಯರನ್ನು ಕಾಣಿ, ಸಾಕಿದ ನಾಯಿ ಎಂದು ಬಿಡಬೇಡಿ. ರೇಬೀಸ್ ಶುರುವಾದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ನಾಯಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ. ಮುಂಬೈ ಮಳೆಗಾಲದಲ್ಲಿ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಇದೆ. ನಿಂತ ನೀರಿನಲ್ಲಿ ನಾಯಿಯನ್ನೂ ನಡೆಸಬೇಡಿ, ನೀವೂ ನಡೆಯಬೇಡಿ.

ನಿಮ್ಮ ಮಾತ್ರೆಯ ಡಬ್ಬಿ ಎಲ್ಲಿದೆ? ಟೀಪಾಯಿ ಮೇಲಿದ್ದರೆ ಈಗಲೇ ಎದ್ದು ಮೇಲಿಡಿ. ಅಮ್ಲೋಡಿಪಿನ್, ಮೆಟೊಪ್ರೊಲಾಲ್ ನಿಮ್ಮ ಬಿಪಿಗೆ ಅಮೃತ, ಆದರೆ ಐದು ಕಿಲೋ ನಾಯಿ ಒಂದು ಸ್ಟ್ರಿಪ್ ಕಚ್ಚಿ ನುಂಗಿದರೆ ಅದರ ಬಿಪಿ ನೆಲಕ್ಕಿಳಿಯುತ್ತದೆ. ನೋವಿನ ಐಬುಪ್ರೊಫೆನ್ ಕೂಡ ಅದಕ್ಕೆ ವಿಷವೇ. ಅಡುಗೆಮನೆಯಲ್ಲೂ ಹಾಗೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ, ಅಂದರೆ ನಮ್ಮ ಹುಳಿ-ಸಾರು ಕಲಸಿದ ಅನ್ನ ಬೇಡ. ಕೇಸರಿಬಾತಿನ ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಚಾಕೊಲೇಟ್ ಅಂತೂ ಬೇಡವೇ ಬೇಡ. ಮೊಸರನ್ನ ಕೊಡಬಹುದು, ಆದರೆ ಮೊಸರನ್ನವೇ ಊಟವಾದರೆ ಪ್ರೋಟೀನ್ ಸಾಲದು. ಸಸ್ಯಾಹಾರಿ ಮನೆಯವರು ಪಶುವೈದ್ಯರನ್ನು ಕೇಳಿ ಊಟದ ಕ್ರಮ ಬರೆಸಿಕೊಳ್ಳಿ.

ಊರೂರಿನ ಹವೆಯನ್ನೂ ನೋಡಬೇಕು. ದೆಹಲಿಯವರು ಕೇಳಿ: ನವೆಂಬರಿನ ಹೊಗೆ ತುಂಬಿದ ಬೆಳಿಗ್ಗೆ ನನ್ನ ರೋಗಿಗಳಿಗೆ ಹೊರಗೆ ಹೋಗಬೇಡಿ ಎನ್ನುತ್ತೇನೆ. ನಾಯಿಗೆ ಅದು ಗೊತ್ತಿಲ್ಲ, ಆರು ಗಂಟೆಗೆ ಬಾಗಿಲು ಕೆರೆಯುತ್ತದೆ. ಹೃದಯಾಘಾತಗಳು ಹೆಚ್ಚಾಗಿ ಆಗುವುದೂ ಬೆಳಗಿನ ಹೊತ್ತಿನಲ್ಲೇ, ಚಳಿ ಸೇರಿದರೆ ಇನ್ನೂ ಕಷ್ಟ. ಆದ್ದರಿಂದ ಬೆಳಗಿನ ಸರದಿ ಮನೆಯ ಕಿರಿಯರದ್ದು, ಬಿಸಿಲೇರಿದ ಮೇಲಿನದ್ದು ಹಿರಿಯರದ್ದು ಎಂದು ನಾಯಿ ತರುವ ಮೊದಲೇ ಮಾತಾಗಲಿ. ಚೆನ್ನೈ, ಹೈದರಾಬಾದಿನಲ್ಲಿ ಇದರ ತಿರುವು ಮುರುವು: ರಸ್ತೆಯ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸಿ. ಕೈಗೆ ತಡೆಯದಿದ್ದರೆ ನಾಯಿಯ ಪಾದಕ್ಕೂ ತಡೆಯದು.

ಸೊಸೈಟಿಯ ತಂಟೆ ಬಗ್ಗೆ ಕೇಳುವವರು ಬಹಳ. ಸಾಕುನಾಯಿಯನ್ನು ನಿಷೇಧಿಸುವ, ಲಿಫ್ಟಿಗೆ ಬಿಡದಿರುವ ಅಧಿಕಾರ ಸೊಸೈಟಿಗಳಿಗೆ ಇಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಕಾಗದ ಕೈಯಲ್ಲಿರಲಿ, ಆದರೆ ಅದನ್ನೇ ಮೊದಲು ಬೀಸಬೇಡಿ. ಲಿಫ್ಟಿನಲ್ಲಿ ಯಾರಾದರೂ ಹೆದರಿದರೆ "ನೀವು ಹೋಗಿ, ನಾವು ಮುಂದಿನದಕ್ಕೆ ಬರುತ್ತೇವೆ" ಎಂದರೆ ಅರ್ಧ ಜಗಳ ಮುಗಿಯಿತು. ಇನ್ನರ್ಧ, ನಾಯಿಯ ಹೇಲನ್ನು ನೀವೇ ಚೀಲದಲ್ಲಿ ಎತ್ತಿದರೆ ಮುಗಿಯುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿ.

ಇನ್ನು ನಮ್ಮಂಥವರಿಗೆ ಮಾತ್ರ ಇರುವ ಕಷ್ಟ: ಊರಿಗೆ ಹೋಗುವುದು. ಮದುವೆ, ಜಾತ್ರೆ, ತಿಥಿ, ದಸರಾ ಎಂದು ವರ್ಷಕ್ಕೆ ಮೂರು ಸಲವಾದರೂ ಹೊರಡುತ್ತೇವೆ. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಲು ಫಸ್ಟ್ ಕ್ಲಾಸಿನ ಇಡೀ ಕೂಪೆ ಕಾಯ್ದಿರಿಸಬೇಕು; ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಹಾಗಾಗಿ ಪ್ರತಿಯೊಬ್ಬರಿಗೂ ನಾನು ಕೇಳುವ ಪ್ರಶ್ನೆ: ನಿಮ್ಮ ನಾಯಿಯ ಎರಡನೇ ಮನೆ ಯಾವುದು? ಅದೇ ಕಟ್ಟಡದಲ್ಲಿ, ಮನೆಯ ಒಂದು ಕೀಲಿ ಇಟ್ಟುಕೊಂಡಿರುವ, ನಾಯಿಗೆ ಪರಿಚಯವಿರುವ, ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೂ ಬೇಸರಿಸದ ಒಬ್ಬರು. ಅಂಥವರು ಸಿಗುವವರೆಗೆ ನಾಯಿ ತರಬೇಡಿ.

ಕಾಕಾಗೂ ಇದನ್ನೇ ಹೇಳಿ ಕಳಿಸಿದ್ದೆ. ಮುನಿಸಿಕೊಂಡೇ ಹೋದರು. ಮೂರು ತಿಂಗಳಾದ ಮೇಲೆ ಬಂದವರ ಮೊಬೈಲಿನಲ್ಲಿ ಬೇರೆ ಫೋಟೋ ಇತ್ತು. ಅವರ ಸೊಸೈಟಿಯ ಗೇಟಿನ ಬಳಿ ಮಲಗುತ್ತಿದ್ದ ಕೆಂಚು ಬಣ್ಣದ ಹೆಣ್ಣು ನಾಯಿ. ನಾಲ್ಕೋ ಐದೋ ವರ್ಷ, ಆಪರೇಷನ್ ಆಗಿ ಕಿವಿಗೆ ಗುರುತು ಹಾಕಿದ್ದು, ಶಾಲೆಯ ಬಸ್ಸಿಗೆ ಕಾಯುವ ಮಕ್ಕಳ ನಡುವೆ ನಿದ್ದೆ ಮಾಡುವಂಥದ್ದು. ಮೊದಲು ದಿನಾ ಸಂಜೆ ಅದರ ಪಕ್ಕ ಕಲ್ಲುಬೆಂಚಿನ ಮೇಲೆ ಕೂತರಂತೆ. ಆಮೇಲೆ ಬೆಲ್ಟ್ ಅಭ್ಯಾಸ. ಆಮೇಲೆ ಲಿಫ್ಟು. ಆಮೇಲೆ ಒಂದು ಗಂಟೆ ಮನೆಯಲ್ಲಿ, ಒಂದು ರಾತ್ರಿ ಮನೆಯಲ್ಲಿ. ಬೆಳಗಿನ ಸರದಿ ಮೊಮ್ಮಗನದ್ದು. ಲಸಿಕೆ, ಲೈಸೆನ್ಸು ಎಲ್ಲ ಮಾಡಿಸಿದ್ದರು. ಹೆಸರು ಕೆಂಚಿ.

"ಮರಾಠಿ ನಾಯಿ ಇತ್ರೀ ಅದು. ಈಗ ಬಾ, ಕುಂಡ್ರು, ಸುಮ್ಮನಿರು ಎಲ್ಲಾ ತಿಳೀತೈತಿ. ನನ್ನ ಮೊಮ್ಮಗಗಿಂತ ಛಲೋ ಕನ್ನಡ ಬರ್ತೈತಿ."

ಕಳೆದ ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡೂ ಕಾಲಿಗೆ ನನಗೆ ಕ್ಯಾಶುವಾಲ್ಟಿಯಿಂದ ಫೋನ್ ಬಂತು. ಕಾಕಾ. ಒಂದೂವರೆಗೆ ಎದೆ ಬಿಗಿದಿತ್ತು, ಮಗ-ಸೊಸೆ ಮೊಮ್ಮಗನನ್ನು ಕರೆದುಕೊಂಡು ಮದುವೆಗೆ ಬೆಳಗಾವಿಗೆ ಹೋಗಿದ್ದರು. ಮುಕ್ಕಾಲು ಗಂಟೆಯಲ್ಲಿ ಒಬ್ಬರೇ ಆಸ್ಪತ್ರೆ ತಲುಪಿದ್ದರು. ಇಸಿಜಿ ಸರಿ ಇತ್ತು, ಟ್ರೋಪೋನಿನ್ ಎರಡು ಸಲ ಮಾಡಿಸಿದೆ, ಅದೂ ಸರಿ ಇತ್ತು. ಹೊಟ್ಟೆಯ ಆಮ್ಲದ ಉರಿ. ಸುಮ್ಮನೆ ತೊಂದರೆ ಕೊಟ್ಟೆ ಎಂದು ಅವರಿಗೆ ಸಂಕೋಚ. ನಾನು ಬಯ್ಯಲಿಲ್ಲ, ಹೀಗೇ ಬರಬೇಕು ಎಂದೆ.

"ಕೆಂಚಿ ಎಲ್ಲಿ ಕಾಕಾ?"

"ಒಂಬತ್ತನೇ ಫ್ಲೋರ್ ಮಾವಶಿ ಕಡೆ ಬಿಟ್ಟು ಬಂದೇನ್ರಿ. ಬೆಲ್ ಹೊಡದೆ, ಬೆಲ್ಟ್ ಕೈಯಾಗ ಕೊಟ್ಟೆ, ಲಿಫ್ಟ್ ಹತ್ತಿದೆ. ಎರಡ ನಿಮಿಷದ ಕೆಲಸ."

ಒಂದು ದಿನ ಇಟ್ಟುಕೊಂಡು ನೋಡಿ ಸಂಜೆ ಐದಕ್ಕೆ ಡಿಸ್ಚಾರ್ಜ್ ಬರೆದೆ. ಬಿಲ್ಲಿನ ಕೌಂಟರಿನಲ್ಲಿ ತಡವಾಗುತ್ತಿತ್ತು. ಕಾಕಾ ನನ್ನ ಕೋಣೆಗೇ ಬಂದು ನಿಂತರು.

"ಸ್ವಲ್ಪ ಲಗೂ ಮಾಡ್ಸ್ರಿ ಡಾಕ್ಟ್ರ. ಏಳರ ಒಳಗ ಮನಿ ಮುಟ್ಟಬೇಕು, ಆಕಿ ವಾಕಿಂಗ್ ಟೈಮು."